ಏಳು ದಿನದ ಹವಾಮಾನ ಓದೋಣ



ನಾವು ಮಂಗಳೂರಿನವರು. ನಮ್ಮ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಮಳೆ ನಮಗೆ ಹೊಸದಲ್ಲ. ಜೂನ್ ಬಂದರೆ ಕೊಡೆ ಬಿಡಿಸ್ತೇವೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಕ್ಟೋಬರ್ ತಿಂಗಳು ಹಾಗಲ್ಲ. ಬೆಳಿಗ್ಗೆ ಸುಡುಬಿಸಿಲು. ಸಂಜೆ ಗುಡುಗು, ಸಿಡಿಲು, ಮಳೆ. ಅಂಗಳದಲ್ಲಿ ಮೀನು ಒಣಗಲು ಹಾಕಿರ್ತೇವೆ. ಗದ್ದೆಯಲ್ಲಿ ಏಣೆಲು ಭತ್ತ ಕೊಯ್ಲಿಗೆ ಬಂದಿರ್ತದೆ. ಗಂಡ, ಮಗ, ತಮ್ಮ ದೋಣಿಯಲ್ಲಿ ಕಡಲಿಗೆ ಹೋಗಿರ್ತಾರೆ. ಮುಂದಿನ ಏಳು ದಿನ ಹೇಗೆ ಅಂತ ನಮಗೆ ಗೊತ್ತಿರಬೇಡವೇ?

ಈ ಸಂಜೆ ಮಳೆ ಯಾಕೆ ಬರ್ತದೆ? ಮುಂಗಾರಿನ ಗಾಳಿ ಈಗ ಸೋತಿರ್ತದೆ. ಬಿಸಿಲಿಗೆ ನೆಲ ಕಾಯ್ತದೆ. ಕಡಲಿನ ಹಸಿ ಗಾಳಿ ಬಿಸಿಯಾಗಿ ಮೇಲೇರ್ತದೆ. ಘಟ್ಟದ ಹತ್ತಿರ ದೊಡ್ಡ ಮೋಡ ಕಟ್ಟುತ್ತದೆ. ಸಂಜೆ ಅದೇ ಮೋಡ ಗುಡುಗಿ ಸುರಿಯುತ್ತದೆ.

ಕೆಲವು ಸಲ ಕಡಲಲ್ಲೇ ಚಂಡಮಾರುತ ಏಳುತ್ತದೆ. 2019ರ ಅಕ್ಟೋಬರ್‌ನಲ್ಲಿ, ದೀಪಾವಳಿ ಹೊತ್ತಿಗೆ, ಅರಬ್ಬಿ ಕಡಲಲ್ಲಿ 'ಕ್ಯಾರ್' ಚಂಡಮಾರುತ ಎದ್ದಿತು. ಅದು ನಮ್ಮ ದಡಕ್ಕೆ ಬರಲಿಲ್ಲ. ಪಶ್ಚಿಮಕ್ಕೆ ತಿರುಗಿ ಹೋಯಿತು. ಆದರೂ ಇಲ್ಲಿ ಕಡಲು ಅಬ್ಬರಿಸಿತು, ಜೋರು ಮಳೆ ಬಂತು.

ಭಾರತ ಹವಾಮಾನ ಇಲಾಖೆ 1875ರಿಂದ ಕೆಲಸ ಮಾಡುತ್ತಿದೆ. ಅದರ ಮುನ್ಸೂಚನೆ ಪೇಪರಿನಲ್ಲಿ, ರೇಡಿಯೋದಲ್ಲಿ, ಮೊಬೈಲಿನಲ್ಲಿ ಸಿಗ್ತದೆ. ಅದನ್ನು ಓದುವುದು ಹೇಗೆ? ಬನ್ನಿ, ಕಲಿಯೋಣ.

ಮೊದಲು ತಾರೀಕು ನೋಡೋಣ. ಮೊಬೈಲಿನಲ್ಲಿ ಹಳೆಯ ಸುದ್ದಿ ತಿರುಗುತ್ತಾ ಇರ್ತದೆ. ಹೋದ ವರ್ಷದ ಸುದ್ದಿಗೆ ಈ ವರ್ಷ ಹೆದರುವುದು ಬೇಡ.

ಆಮೇಲೆ ಜಿಲ್ಲೆಯ ಹೆಸರು ನೋಡೋಣ. ದಕ್ಷಿಣ ಕನ್ನಡ ಅಂತ ಉಂಟಾ?

'ಒಂದೆರಡು ಕಡೆ ಮಳೆ' ಅಂತ ಬರೆದಿರ್ತಾರೆ. ಅಂದರೆ ನೂರು ಕಡೆ ಅಳೆದರೆ ಹೆಚ್ಚೆಂದರೆ 25 ಕಡೆ ಮಳೆ. ನಮ್ಮ ಅಂಗಳಕ್ಕೆ ಹನಿ ಬೀಳದಿದ್ದರೂ ಪಕ್ಕದ ಊರಿನಲ್ಲಿ ಸುರಿದಿರಬಹುದು. ಆ ಮಾತು ಸುಳ್ಳಲ್ಲ.

'ಭಾರೀ ಮಳೆ' ಅಂದರೆ ಎಷ್ಟು? ಒಂದು ದಿನದಲ್ಲಿ ಸುಮಾರು 65 ಮಿಲಿಮೀಟರ್ ಅಥವಾ ಹೆಚ್ಚು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ 65 ಲೀಟರ್ ನೀರು. 15 ಲೀಟರಿನ ಕೊಡದಲ್ಲಿ ಅಳೆದರೆ ನಾಲ್ಕು ಕೊಡ ದಾಟಿತು!

ಇನ್ನು ಬಣ್ಣ. ಹಸಿರು ಅಂದರೆ ಚಿಂತೆ ಇಲ್ಲ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ತಯಾರಾಗಿರಿ. ಕೆಂಪು ಅಂದರೆ ಈಗಲೇ ಜಾಗ್ರತೆ ಮಾಡಿಕೊಳ್ಳಿ.

ಇನ್ನೊಂದು ಮಾತು. ನಾಳೆ, ನಾಡಿದ್ದಿನ ಸೂಚನೆ ಗಟ್ಟಿ. ಆರನೇ, ಏಳನೇ ದಿನದ್ದು ಅಂದಾಜು. ಅದು ಬದಲಾಗಬಹುದು. ಅದಕ್ಕೇ ದಿನಾ ಓದಬೇಕು. ಏಳು ದಿನ ನೋಡಿ ಕೊಯ್ಲಿನ ಲೆಕ್ಕ ಹಾಕೋಣ. ಹಿಂದಿನ ದಿನ ಮತ್ತೆ ನೋಡಿ ಆಳು ಕರೆಯೋಣ. 'ಮೀನುಗಾರರು ಕಡಲಿಗೆ ಇಳಿಯಬಾರದು' ಅಂತ ಬರೆದಿದ್ದರೆ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳೋಣ. ಒಂದು ದಿನದ ದುಡಿಮೆ ಹೋದರೆ ನಾಳೆ ದುಡಿಯಬಹುದು. ಜೀವ ಹೋದರೆ?

ಸಿಡಿಲಿಗೂ ಒಂದು ಲೆಕ್ಕ ಉಂಟು. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ನಿಧಾನ ಎಣಿಸಿ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತಿರ ಉಂಟು. ಕೂಡಲೇ ಮನೆಯೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ. ಗದ್ದೆಯಲ್ಲಿ, ಕಡಲ ದಂಡೆಯಲ್ಲಿ ಇರಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಬಟ್ಟೆ ಒದ್ದೆಯಾಗಲಿ, ಮೀನು ಒದ್ದೆಯಾಗಲಿ. ಅದನ್ನು ಎತ್ತಲು ಓಡಬೇಡಿ. ಸೂಚನೆ ಓದಿದ್ದರೆ ಮಧ್ಯಾಹ್ನವೇ ಎತ್ತಿಡಬಹುದಿತ್ತು, ಅಲ್ಲವೇ?

ಅಕ್ಷರ ಕಲಿತದ್ದು ಸಹಿ ಹಾಕಲು ಮಾತ್ರ ಅಲ್ಲ. ನಾಳೆ ಬೆಳಿಗ್ಗೆ ಪೇಪರಿನಲ್ಲಿ ಹವಾಮಾನದ ಜಾಗ ಹುಡುಕಿ. ನೀವು ಓದಿ, ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳಿ.