ಪ್ರೇಮಿಯ ಸಂಬಳ ಎಷ್ಟು?

ಶಿಫ್ಟ್ ಮುಗಿಸಿ ನೇರ ಇಲ್ಲಿಗೇ ಬಂದಿರುವ ಪೀಣ್ಯದ ಗೆಳೆಯರೇ,

ಹೇಮಂತ್ ಎಂ. ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಎರಡು ಭಾಗಗಳಾಗಿ ತೆರೆಕಂಡಿತು. ನಿಮ್ಮಲ್ಲಿ ಹಲವರು ನೋಡಿ ಅತ್ತಿದ್ದೀರಿ; ನಾನೂ ಅತ್ತವನೇ. ಮನು ಉದ್ಯಮಿಯೊಬ್ಬರ ಕಾರು ಓಡಿಸುವವನು. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಬೇಕಾದದ್ದು ಒಂದು ಮನೆ. ಅದಕ್ಕಾಗಿ ಮನು, ಧಣಿಯ ಮಗ ಗುದ್ದಿ ಓಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ದುಡ್ಡೂ ಸಿಗುತ್ತದೆ, ಜೈಲಿನಿಂದ ಬೇಗ ಬಿಡಿಸಿಯೂ ತರುತ್ತಾರೆ ಎಂಬ ನಂಬಿಕೆ. ಮಾತು ಕೊಟ್ಟ ಧಣಿ ಸತ್ತುಹೋಗುತ್ತಾನೆ. ಬರೀ ಬಾಯಿಮಾತು, ಯಾರನ್ನು ಕೇಳುವುದು?

ಇಂಥದೇ ಅಪಘಾತದ ಕಥೆ ಹೇಳಿದ, ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ ಬಂದದ್ದು 1985ರಲ್ಲಿ. ಅಲ್ಲಿ ರಾಜಕಾರಣಿಯ ಮಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುತ್ತಾನೆ. ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ಅಂದು ಬಡವ ಸತ್ತವನು. ಮನುವಿನ ಕಾಲಕ್ಕೆ ಅವನು ಬಾಡಿಗೆಗೆ ಸಿಗುವ ಅಪರಾಧಿಯೂ ಆಗಿದ್ದಾನೆ. ಹೇಮಂತ್ ಈ ಬದಲಾವಣೆಯನ್ನು ಹಿಡಿದದ್ದು ದೊಡ್ಡ ಸಾಧನೆ.

ಆದರೂ ನನಗೊಂದು ತಕರಾರಿದೆ. ಮನುವಿನ ವಿರಹ ನಮಗೆ ಚೆನ್ನಾಗಿ ಗೊತ್ತು, ಅವನ ಡ್ಯೂಟಿ ಗೊತ್ತಿಲ್ಲ. ತಿಂಗಳಿಗೆ ಏನು ಸಿಗುತ್ತಿತ್ತು? ಬಾಡಿಗೆ ಮನೆಯ ಅಡ್ವಾನ್ಸ್ ಹೊಂದಿಸಲು ಎಷ್ಟು ವರ್ಷ ಬೇಕಿತ್ತು? ಲೆಕ್ಕ ತಿಳಿದಿದ್ದರೆ ಅವನ ನಿರ್ಧಾರ ಬರೀ ತ್ಯಾಗವಾಗಿ ಕಾಣುತ್ತಿರಲಿಲ್ಲ.

ಫಿಲಿಪೈನ್ಸ್‌ನ ಲಿನೋ ಬ್ರೋಕಾ 1975ರಲ್ಲೇ ಮನಿಲಾ ನಗರದ ಒಂದು ಚಿತ್ರದಲ್ಲಿ ಈ ಲೆಕ್ಕ ಬಿಚ್ಚಿಟ್ಟಿದ್ದರು. ಮೀನುಗಾರರ ಊರಿನ ಹೂಲಿಯೋ, ಕೆಲಸದ ಆಸೆ ತೋರಿಸಿ ಕರೆದೊಯ್ಯಲ್ಪಟ್ಟ ಪ್ರೇಯಸಿ ಲಿಗಾಯಾಳನ್ನು ಹುಡುಕಿಕೊಂಡು ಪೇಟೆಗೆ ಬಂದು ಕಟ್ಟಡದ ಕೂಲಿಯಾಗುತ್ತಾನೆ. ಕೂಲಿಯ ಲೆಕ್ಕದ ಪುಸ್ತಕದಲ್ಲಿ ಒಂದು ಮೊತ್ತ, ಕೈಗೆ ಅದಕ್ಕಿಂತ ಕಡಿಮೆ. ಹಾಗಾಗಿ ಅವನ ಪ್ರೇಮಕಥೆಗೆ ಹಸಿವು, ಬೆವರು ಎರಡೂ ಮೆತ್ತಿಕೊಂಡಿವೆ. ನಮ್ಮಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿಯುವ ಹುಡುಗನ ಆಸೆಯನ್ನು ಮುಟ್ಟಿತು, ಅದೂ ಕನಸಿನ ದಾರಿಯಲ್ಲಿ.

ಇನ್ನು ನಮ್ಮ ಬೆಂಗಳೂರಿನ ಕಥೆ. 2016ರ ಏಪ್ರಿಲ್ 18, 19 ನಿಮಗೆ ನೆನಪಿರಬೇಕು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳು ಸುಟ್ಟುಹೋದವು. ಎರಡನೇ ದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಪಿಎಫ್ ಅಂದರೆ ಏನು? ತಂಗಿಯ ಮದುವೆ, ಲೀಸಿಗೆ ಹಿಡಿಯುವ ಮನೆ, ಗಂಡ ಬಿಟ್ಟು ಹೋದರೆ ಊರಿಗೆ ಮರಳುವ ಧೈರ್ಯ. ಪ್ರೀತಿ, ಆಸೆ, ವರ್ಗ ಮೂರೂ ಒಂದೇ ಪಾಸ್‌ಬುಕ್ಕಿನಲ್ಲಿ ಕೂತಿದ್ದವು.

ಇದೇ ಊರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ನಮ್ಮ ತೆರೆಗೆ ಗಾಜಿನ ಕಟ್ಟಡಗಳಾಗಿ ಬಂದಿವೆ. ಅದೇ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿ ಹುಡುಗ, ಕ್ಯಾಂಟೀನಿನ ಹುಡುಗಿ ಪ್ರೀತಿಸಿದರೆ ಎಲ್ಲಿ ಭೇಟಿಯಾಗುತ್ತಾರೆ, ಯಾವ ಶಿಫ್ಟಿನ ನಂತರ?

ಸಭೆಯಲ್ಲಿರುವ ಚಿತ್ರಕಥೆಗಾರರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಕಥೆ ಬರೆಯುವ ಮೊದಲು ಒಂದು ತಿಂಗಳು ಇಲ್ಲೇ ರೂಮು ಮಾಡಿ. ನಾಯಕಿಯ ಸಂಬಳ ಎಷ್ಟೆಂದು ಮೊದಲ ಪುಟದಲ್ಲೇ ಬರೆಯಿರಿ.