ಪಿಸ್ತೂಲಿನ ಬೆಲೆ, ಸಾಕ್ಷ್ಯದ ಬೆಲೆ

(ಶಾಲೆಯ ಸಾಹಿತ್ಯ ಸಂಘದ ಕೂಟದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಂತಿಯ ಪಾಠವನ್ನು ಹೇಳಬೇಕಾದ ಉಪಾಧ್ಯಾಯನು ಪಿಸ್ತೂಲಿನ ಮಾತನ್ನೆತ್ತುವುದು ತಮಗೆ ವಿಚಿತ್ರವೆನಿಸಬಹುದು. ಆಯುಧವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಮೆರಿಕದ ಕೆಲವು ಹಳೆಯ ಪಿಸ್ತೂಲುಗಳ ಕಥೆಯಲ್ಲಿ ಸತ್ಯವನ್ನು ಪರೀಕ್ಷಿಸುವ ಬಗೆಯೊಂದು ಅಡಗಿದೆ. ಅದನ್ನು ತಮ್ಮ ಮುಂದಿಡಬೇಕೆಂದು ಬಯಸುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಹೊಸ ಊರುಗಳು ಹುಟ್ಟುತ್ತಿದ್ದುವು. ಅಲ್ಲಿ ಶಾಂತಿಪಾಲನೆಯ ಹೊಣೆಯನ್ನು ಹೊತ್ತವರಿಗೆ ಷೆರೀಫ್, ಮಾರ್ಷಲ್ ಎಂಬ ಹೆಸರುಗಳುಂಟು. ಅವರಲ್ಲಿ ಬಹುಮಂದಿಯ ಸೊಂಟದಲ್ಲಿದ್ದುದು ಕೋಲ್ಟ್ ಕಂಪನಿಯ ರಿವಾಲ್ವರು. 1873ರಲ್ಲಿ ಹೊರಬಂದ ಅದರ ಪ್ರಸಿದ್ಧ ಮಾದರಿಯಲ್ಲಿ ತಿರುಗುವ ಉರುಳೆಯೊಂದರೊಳಗೆ ಆರು ಗುಂಡುಗಳಿಗೆ ಸ್ಥಳವಿತ್ತು. ಪ್ರತಿಸಲವೂ ಹಿಂಬದಿಯ ಸುತ್ತಿಗೆಯಂಥ ತುಂಡನ್ನು ಹೆಬ್ಬೆರಳಿನಿಂದ ಎಳೆದರೆ ಉರುಳೆ ತಿರುಗಿ ಮುಂದಿನ ಗುಂಡು ನಳಿಗೆಯ ನೇರಕ್ಕೆ ಬರುತ್ತಿತ್ತು. ಇಂಥ ರಿವಾಲ್ವರುಗಳು ಲಕ್ಷಗಟ್ಟಲೆ ತಯಾರಾದುವು. ನೋಟಕ್ಕೆ ಒಂದರಂತೆ ಇನ್ನೊಂದು. ಹಾಗಿದ್ದರೂ ಅವುಗಳಲ್ಲಿ ಒಂದಕ್ಕೆ ಮಾತ್ರ ಕೋಟಿಗಟ್ಟಲೆ ಬೆಲೆ ಬರುವುದು ಹೇಗೆ? ಇದನ್ನು ಮೂರು ಉದಾಹರಣೆಗಳಿಂದ ವಿಚಾರಿಸೋಣ.

ಮೊದಲನೆಯದು, ಇತ್ತೆಂಬುದಕ್ಕೆ ಪುರಾವೆಯೇ ಇಲ್ಲದ ಪಿಸ್ತೂಲು. 1931ರಲ್ಲಿ ಸ್ಟೂಅರ್ಟ್ ಲೇಕ್ ಎಂಬ ಲೇಖಕನು ವ್ಯಾಟ್ ಅರ್ಪ್ ಎಂಬ ಶಾಂತಿಪಾಲಕನ ಜೀವನಚರಿತ್ರೆಯನ್ನು ಪ್ರಕಟಿಸಿದನು. ನೆಡ್ ಬಂಟ್ಲೈನ್ ಎಂಬ ಅಗ್ಗದ ಕಾದಂಬರಿಕಾರನು 1876ರಲ್ಲಿ ಹನ್ನೆರಡು ಅಂಗುಲ ಉದ್ದದ ನಳಿಗೆಯ ಐದು ಕೋಲ್ಟ್ ರಿವಾಲ್ವರುಗಳನ್ನು ಮಾಡಿಸಿ ಡಾಡ್ಜ್ ಸಿಟಿಯ ಐವರು ಅಧಿಕಾರಿಗಳಿಗೆ ಬಹುಮಾನವಿತ್ತನೆಂದು ಅದರಲ್ಲಿ ಬರೆದಿತ್ತು. ಸಂಶೋಧಕರು ಎಷ್ಟು ಹುಡುಕಿದರೂ ಅಂಥದೊಂದು ಬೇಡಿಕೆಯ ಸುಳಿವು ಕಂಪನಿಯ ದಾಖಲೆಗಳಲ್ಲಿ ಸಿಕ್ಕಲಿಲ್ಲ. ಆದರೂ ಕಥೆ ಜನರ ಮನಸ್ಸನ್ನು ಹಿಡಿಯಿತು. 1955ರಲ್ಲಿ ಅರ್ಪನ ಸಾಹಸಗಳ ಟೆಲಿವಿಷನ್ ಕಥಾಮಾಲೆ ಆರಂಭವಾಯಿತು. ಜನರಿಂದ ಬೇಡಿಕೆ ಹೆಚ್ಚಲು, 1957ರಲ್ಲಿ ಕಂಪನಿಯೇ ಆ ಹೆಸರಿನ ಉದ್ದ ನಳಿಗೆಯ ರಿವಾಲ್ವರನ್ನು ತಯಾರಿಸಿ ಮಾರಿತು! ಕಥೆ ಮೊದಲು, ವಸ್ತು ಅನಂತರ. ನೂರು ಬಾಯಿಗಳಲ್ಲಿ ಬಂದ ಮಾತೆಂಬ ಮಾತ್ರಕ್ಕೆ ಸುಳ್ಳು ಸತ್ಯವಾಗದು.

ಎರಡನೆಯದು ಬ್ಯಾಟ್ ಮಾಸ್ಟರ್ಸನ್ನನ ಪಿಸ್ತೂಲು. ಈತನು 1877ರಲ್ಲಿ ಕಾನ್ಸಾಸಿನ ಫೋರ್ಡ್ ಕೌಂಟಿಯ ಷೆರೀಫನಾಗಿ ಚುನಾಯಿತನಾದನು. ಮುಂದೆ ನ್ಯೂಯಾರ್ಕಿನಲ್ಲಿ ಪತ್ರಿಕಾಲೇಖಕನಾಗಿದ್ದು 1921ರಲ್ಲಿ ತೀರಿಕೊಂಡನು. ಆತನ ಹಳೆಯ ಪಿಸ್ತೂಲನ್ನು ಕೊಡೆಂದು ಸಂಗ್ರಾಹಕರು ಪೀಡಿಸುತ್ತಿದ್ದರಂತೆ. ಆಗ ಆತನು ಗಿರವಿ ಅಂಗಡಿಯಿಂದ ಹಳೆಯ ಕೋಲ್ಟೊಂದನ್ನು ಕೊಂಡು, ಹತರಾದವರ ಲೆಕ್ಕವೆಂಬಂತೆ ಅದರ ಹಿಡಿಯ ಮೇಲೆ ಕಚ್ಚುಗಳನ್ನು ಕೊರೆದು ಮಾರಿದನಂತೆ. ಇದನ್ನೂ ನಾವು ಕಥೆಯೆಂದೇ ಎಣಿಸಬೇಕು. ಆದರೆ ಕಥೆಯಲ್ಲದ ಒಂದು ಕಾಗದವೂ ಉಳಿದಿದೆ. 1885ರ ಜುಲೈ 24ರಂದು ಆತನು ಡಾಡ್ಜ್ ಸಿಟಿಯಿಂದ ಕೋಲ್ಟ್ ಕಂಪನಿಗೆ ಪತ್ರ ಬರೆದು, ನಿಕ್ಕಲ್ ಲೇಪದ ರಿವಾಲ್ವರೊಂದನ್ನು ಕಳುಹಿಸಬೇಕೆಂದೂ, ಗುರಿ ನೋಡುವ ಮುಂದಿನ ಮೊನೆ ಸಾಧಾರಣಕ್ಕಿಂತ ತುಸು ಎತ್ತರವೂ ದಪ್ಪವೂ ಆಗಿರಬೇಕೆಂದೂ ಕೇಳಿಕೊಂಡಿದ್ದಾನೆ. ಕಚ್ಚುಗಳನ್ನು ಯಾರೂ ಕೊರೆಯಬಹುದು. ತಾರೀಖುಳ್ಳ ಪತ್ರ, ಲೋಹದಲ್ಲಿ ಒತ್ತಿದ ಕ್ರಮಸಂಖ್ಯೆ, ಕಾರಖಾನೆಯ ಖಾತೆಪುಸ್ತಕ, ಈ ಮೂರನ್ನೂ ಒಟ್ಟಿಗೆ ಹೊಂದಿಸುವುದು ಸುಲಭವಲ್ಲ. ಆದುದರಿಂದಲೇ ಸಂಗ್ರಾಹಕರು ಮೊದಲು ಸಂಖ್ಯೆಯನ್ನು ನೋಡಿ, ಅದು ಎಂದು, ಯಾರಿಗೆ ರವಾನೆಯಾಯಿತೆಂದು ಕಂಪನಿಯ ದಫ್ತರದಿಂದ ಪತ್ರ ತರಿಸುತ್ತಾರೆ.

ಮೂರನೆಯದು ಪ್ಯಾಟ್ ಗ್ಯಾರೆಟ್ಟನ ರಿವಾಲ್ವರು; ಸಂಖ್ಯೆ 55093. ಗ್ಯಾರೆಟ್ಟನು ನ್ಯೂ ಮೆಕ್ಸಿಕೋದ ಲಿಂಕನ್ ಕೌಂಟಿಯ ಷೆರೀಫ್. 1880ರ ಡಿಸೆಂಬರಿನಲ್ಲಿ ‘ಬಿಲ್ಲಿ ದಿ ಕಿಡ್’ ಎಂಬ ತರುಣನನ್ನೂ ಆತನ ಸಂಗಡಿಗರನ್ನೂ ಸೆರೆಹಿಡಿದಾಗ, ಬಿಲ್ಲಿ ವಿಲ್ಸನ್ ಎಂಬ ಸಂಗಡಿಗನಿಂದ ಈ ಆಯುಧ ಗ್ಯಾರೆಟ್ಟನ ಕೈಸೇರಿತು. ನೇಣಿನ ಶಿಕ್ಷೆಗೆ ಗುರಿಯಾಗಿದ್ದ ಕಿಡ್ 1881ರ ಏಪ್ರಿಲಿನಲ್ಲಿ ಇಬ್ಬರು ಕಾವಲುಗಾರರನ್ನು ಕೊಂದು ತಪ್ಪಿಸಿಕೊಂಡನು. ಅದೇ ವರ್ಷ ಜುಲೈ 14ರ ರಾತ್ರಿ, ಫೋರ್ಟ್ ಸಮ್ನರಿನ ಕತ್ತಲೆಗೋಣೆಯೊಂದರಲ್ಲಿ ಗ್ಯಾರೆಟ್ಟನು ಇದೇ ರಿವಾಲ್ವರಿನಿಂದ ಆತನನ್ನು ಕೊಂದನು. ಸತ್ತವನ ವಯಸ್ಸು ಸುಮಾರು ಇಪ್ಪತ್ತೊಂದು.

ಆಮೇಲಿನ ಸಂಗತಿಯನ್ನೂ ಕೇಳಿರಿ. ಸಾರಲಾಗಿದ್ದ 500 ಡಾಲರುಗಳ ಬಹುಮಾನ ಗ್ಯಾರೆಟ್ಟನಿಗೆ ಒಡನೆ ಸಿಕ್ಕಲಿಲ್ಲ. 1882ರಲ್ಲಿ ಶಾಸನಸಭೆ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 1908ರಲ್ಲಿ ಆತನೂ ಗುಂಡಿಗೆ ಬಲಿಯಾದನು. ಎಲ್ ಪಾಸೋದ ಮದ್ಯದಂಗಡಿಯೊಂದರಲ್ಲಿ ಪ್ರದರ್ಶನಕ್ಕಿದ್ದ ಆ ರಿವಾಲ್ವರಿಗಾಗಿ ಆತನ ವಿಧವೆ ಅಪೋಲಿನಾರಿಯಾ ನ್ಯಾಯಾಲಯದ ಮೆಟ್ಟಿಲನ್ನೇರಿ, 1930ರ ದಶಕದಲ್ಲಿ ಅದನ್ನು ಮರಳಿ ಪಡೆದಳು. ಕೈಯಿಂದ ಕೈಗೆ ಸಾಗಿದ ಈ ದಾರಿಗೆ ಬರಹದ ಸಾಕ್ಷ್ಯವಿತ್ತು. ಆದಕಾರಣ 2021ರ ಆಗಸ್ಟಿನ ಹರಾಜಿನಲ್ಲಿ ಅದು ಅರುವತ್ತು ಲಕ್ಷ ಡಾಲರುಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಉಕ್ಕು ಅದೇ ಉಕ್ಕು, ಮರ ಅದೇ ಮರ. ಬೆಲೆ ಬಂದುದು ಇತಿಹಾಸಕ್ಕೆ ಮತ್ತು ಅದರ ಪುರಾವೆಗೆ.

ವಿದ್ಯಾರ್ಥಿಗಳೆ, ಇಲ್ಲಿ ಒಂದು ವಿವೇಕ ಅಗತ್ಯ. ಸಾಕ್ಷ್ಯವು ವಸ್ತು ನಿಜವೆಂದು ಹೇಳುತ್ತದೆ. ಅದರಿಂದಾದ ಕಾರ್ಯ ಶ್ಲಾಘ್ಯವೆಂದು ಹೇಳುವುದಿಲ್ಲ. ಒಬ್ಬ ತರುಣನ ಮರಣಕ್ಕೆ ಸಂಬಂಧಿಸಿದ ವಸ್ತುವಿನ ಬೆಲೆಯನ್ನು ಕೇಳಿ ಬೆರಗಾಗುವಾಗ, ಆ ಮರಣವನ್ನೂ, ಆತನಿಂದ ಹತರಾದವರನ್ನೂ ನೆನೆಯಬೇಕು.

ಮಹನೀಯರೆ, ಗಡಿಯಾಚೆ ನೆಲೆಸಿರುವ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಹಿರಿಯರ ಆಯುಧಗಳಿಲ್ಲದಿರಬಹುದು. ಆದರೆ ಹಳೆಯ ಕ್ರಯಪತ್ರ, ತೆರಿಗೆಯ ರಸೀತಿ, ಅಜ್ಜನ ಕನ್ನಡ ಪತ್ರ, ಅಜ್ಜಿಯ ಶಾಲೆಯ ಪ್ರಮಾಣಪತ್ರ, ಇಂಥವು ಪೆಟ್ಟಿಗೆಯ ತಳದಲ್ಲಿ ಇದ್ದೇ ಇರುತ್ತವೆ. ‘ನಾವು ಇಲ್ಲಿ ಬಹುಕಾಲದಿಂದ ಬಾಳಿದವರು’ ಎಂದು ಬಾಯಲ್ಲಿ ಹೇಳಿದರೆ ಅದು ಕಥೆ. ತಾರೀಖುಳ್ಳ ಕಾಗದವನ್ನು ತೋರಿಸಿದರೆ ಅದು ಇತಿಹಾಸ. ಗೆದ್ದಲಿಗೂ ರದ್ದಿಯವನಿಗೂ ಅವನ್ನು ಒಪ್ಪಿಸಬೇಡಿರಿ. ಮಕ್ಕಳೆ, ಈ ರಜೆಯಲ್ಲಿ ಹಿರಿಯರ ಬಳಿ ಕುಳಿತು ಅಂಥ ಒಂದೊಂದು ಕಾಗದವು ಯಾರದು, ಎಂದಿನದು, ಯಾರ ಕೈಯಿಂದ ಬಂದಿತು ಎಂಬುದನ್ನು ಕೇಳಿ ಬರೆದಿಡಿರಿ. ಕೇಳಿದ ಮಾತಿಗೂ ಕಂಡ ಕಾಗದಕ್ಕೂ ಇರುವ ಭೇದವನ್ನು ಆ ಬರಹದಲ್ಲಿ ಸ್ಪಷ್ಟವಾಗಿ ತೋರಿಸಿರಿ.