ಮಾದರಿ ರೈಲಿಗೊಂದು ವಿದ್ಯುತ್ ಪೆಟ್ಟಿಗೆ



ಆಳಂದ ತಾಲ್ಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಂತಿರುವ ಊರು. ಅಲ್ಲಿ ರೈಲು ನಿಲ್ದಾಣವಿಲ್ಲ. ರೈಲು ನೋಡಬೇಕೆನ್ನುವ ಹುಡುಗರು ಗಡಿಯಾಚೆ ದುಧನಿಗೋ ಅಕ್ಕಲಕೋಟ ರೋಡಿಗೋ ಹೋಗಬೇಕು. ಇಲ್ಲವಾದರೆ ಈಚೆಗೆ ಗಾಣಗಾಪುರ ರೋಡ್ ಅಥವಾ ಕಲಬುರಗಿಗೆ ಬರಬೇಕು. ಆದರೂ ವಿಜ್ಞಾನ ವಸ್ತುಪ್ರದರ್ಶನ ಎಂದ ಕೂಡಲೇ ಇಂಥ ಊರುಗಳ ಮಕ್ಕಳು ರೈಲಿನ ಮಾದರಿಯನ್ನೇ ಮಾಡಿ ತರುತ್ತಾರೆ. ದೂರದಲ್ಲಿರುವುದರ ಮೇಲೆ ಆಸೆ ಹೆಚ್ಚೇನೋ!

ಕೆಲವು ವರ್ಷಗಳ ಹಿಂದೆ ಇಂಥದೊಂದು ಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಇಬ್ಬರು ಹುಡುಗಿಯರು ಒಂದು ಹಲಗೆಯ ಮೇಲೆ ಹಳಿ ಹಾಸಿ, ಥರ್ಮಾಕೋಲಿನ ಗುಡ್ಡ ಕೊರೆದು ಸುರಂಗ ಮಾಡಿ, ನಿಲ್ದಾಣದ ಫಲಕವನ್ನೂ ಬರೆದಿದ್ದರು. ನಾನು ಅವರ ಮೇಜಿನ ಮುಂದೆ ನಿಂತ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ರೈಲು ಸುರಂಗದೊಳಗೇ ನಿಂತಿತು. "ಈಗಷ್ಟೇ ಓಡ್ತಿತ್ರೀ ಸರ, ಕರೆಂಟ್ ಬರೂತನಾ ನಿಂದ್ರ್ರಿ" ಎಂದಳು ಒಬ್ಬಳು. ನೋಡಬೇಕಾದ ಮೇಜುಗಳು ಇನ್ನೂ ಬಹಳ ಇದ್ದವು. ನಾನು ನಿಲ್ಲಲಿಲ್ಲ. ಹಾಳೆಯ ಮೇಲೆ 'ಚಾಲನೆ ಇಲ್ಲ' ಎಂದು ಬರೆದು ಮುಂದೆ ಹೋದೆ. ಹತ್ತು ನಿಮಿಷಕ್ಕೆ ಕರೆಂಟು ಬಂತು. ನಾನು ಹಿಂದಿರುಗಿ ಹೋಗಲಿಲ್ಲ. ಅಂದಿನಿಂದ ಆ ಎರಡು ಪದಗಳು ನನ್ನನ್ನು ಚುಚ್ಚುತ್ತಲೇ ಇವೆ. ಇಂದಿನ ಮಾತು ಆ ಹುಡುಗಿಯರಿಗೆ ಅಂದು ಹೇಳಬೇಕಾಗಿದ್ದ ಮಾತು: ಕೈಯಲ್ಲಿ ಹೊತ್ತೊಯ್ಯಬಹುದಾದ, ಕರೆಂಟು ಹೋದರೂ ರೈಲನ್ನು ನಿಲ್ಲಿಸದ ಒಂದು ವಿದ್ಯುತ್ ಪೆಟ್ಟಿಗೆಯನ್ನು ಮಾಡಿಕೊಳ್ಳುವುದು ಹೇಗೆ?

ಮೊದಲು ಸ್ವಲ್ಪ ಇತಿಹಾಸ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ಮಾರ್ಗವಾಗಿ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿಗಳನ್ನು ಕೂಡಿದವು. ಅದು ಉಗಿಯ ಕಾಲ. ಎಂಟು ವರ್ಷಗಳ ಮೇಲೆ, 1879ರಲ್ಲಿ, ಬರ್ಲಿನ್ ನಗರದ ವಸ್ತುಪ್ರದರ್ಶನದಲ್ಲಿ ವರ್ನರ್ ಸೀಮೆನ್ಸ್ ವಿದ್ಯುತ್ತಿನಿಂದ ಓಡುವ ಪುಟ್ಟ ರೈಲನ್ನು ತೋರಿಸಿದನು. ಸುಮಾರು 300 ಮೀಟರಿನ ದುಂಡು ಹಳಿಯ ಮೇಲೆ ಅದು ಜನರನ್ನು ಕೂಡಿಸಿಕೊಂಡು ಸುತ್ತುತ್ತಿತ್ತು. ಗಮನಿಸಿ, ಲೋಕದ ಮೊದಲ ವಿದ್ಯುತ್ ರೈಲುಗಳಲ್ಲೊಂದು ಕಾಣಿಸಿಕೊಂಡದ್ದೂ ಪ್ರದರ್ಶನದ ಅಂಗಳದಲ್ಲೇ! ನಮ್ಮ ದೇಶದಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರುವರಿ 3ರಂದು, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1,500 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ. ಈಗ ಕಲಬುರಗಿ ಮಾರ್ಗದ ಮೇಲೂ ತಂತಿ ಬಂದಿದೆ. ಅದರಲ್ಲಿ ಹರಿಯುವುದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಎಂಜಿನ್ನಿನ ಒಳಗಿರುವ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ, ಮುಂದಿನ ಉಪಕರಣಗಳು ಅದನ್ನು ಏಕಮುಖಗೊಳಿಸಿ ಮೋಟಾರಿಗೆ ಹೊಂದಿಸುತ್ತವೆ. ನಾವು ಮಾಡಲಿರುವ ಪೆಟ್ಟಿಗೆಯೂ ಮಾಡುವುದು ಇದನ್ನೇ, ಗಾತ್ರ ಮಾತ್ರ ಊಟದ ಡಬ್ಬಿಯಷ್ಟು.

ಅಂಗಡಿಯಲ್ಲಿ ಸಿಗುವ ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಿಜದ 87ನೇ ಒಂದು ಪಾಲಿನ ಅಳತೆ. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜಿನ 1,676 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಹೆಚ್ಚು ಬರುತ್ತದೆ. ಅಂದರೆ ಆ ಹಳಿ ಹೊರದೇಶಗಳ 1,435 ಮಿ.ಮೀ. ಗೇಜಿನ ಲೆಕ್ಕದ್ದು. ನೀವೇ ಹಳಿ ಮಾಡುವುದಾದರೆ ನಮ್ಮ ಲೆಕ್ಕವನ್ನೇ ಹಿಡಿಯಬಹುದು. ವಿದ್ಯುತ್ತಿನ ವಿಷಯ ಸರಳ: ಒಂದು ಹಳಿ ಧನ, ಇನ್ನೊಂದು ಋಣ, ಚಕ್ರಗಳ ಮೂಲಕ ಮೋಟಾರಿಗೆ ಹೆಚ್ಚೆಂದರೆ 12 ವೋಲ್ಟ್ ಏಕಮುಖ ವಿದ್ಯುತ್ತು. ಒಂದು ಎಂಜಿನ್ ಅರ್ಧ ಆಂಪಿಯರ್ ಎಳೆಯುತ್ತದೆಂದು ಲೆಕ್ಕ ಹಿಡಿಯೋಣ. ವೋಲ್ಟ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಧನ ಋಣಗಳನ್ನು ಅದಲು ಬದಲು ಮಾಡಿದರೆ ರೈಲು ಹಿಂದಕ್ಕೆ ಹೋಗುತ್ತದೆ.

ಇನ್ನು ಪೆಟ್ಟಿಗೆಯೊಳಗೆ ಬರೋಣ. ಮೊದಲ ಭಾಗ ಟ್ರಾನ್ಸ್‌ಫಾರ್ಮರ್. '12 ವೋಲ್ಟ್ ಬೇಕು, ಆದ್ದರಿಂದ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡಿ' ಎಂದು ಕೇಳುವವರೇ ಬಹಳ. ಆದರೆ ಸಂಜೆಯ ಹೊತ್ತು ಹಳ್ಳಿಗಳಲ್ಲಿ 230 ವೋಲ್ಟ್ ಇರಬೇಕಾದಲ್ಲಿ 180ಕ್ಕೆ ಇಳಿಯುವುದುಂಟು. ಬಲ್ಬು ಕೆಂಪಗೆ ಮಿಣುಕುವುದನ್ನು ನೀವೆಲ್ಲ ಕಂಡಿದ್ದೀರಿ. ಆಗ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡುವುದು ಸುಮಾರು 9.4 ವೋಲ್ಟ್. ಪರ್ಯಾಯ ವಿದ್ಯುತ್ತಿನ ಶಿಖರ ಇದರ 1.414 ಪಟ್ಟು, ಎಂದರೆ 13.3. ಡಯೋಡುಗಳಲ್ಲಿ 1.4 ಹೋಗುತ್ತದೆ, ಕೆಪಾಸಿಟರಿನ ಏರಿಳಿತದಲ್ಲಿ 1, ನಿಯಂತ್ರಕದಲ್ಲಿ 2. ಕೊನೆಗೆ ಹಳಿಗೆ ಉಳಿಯುವುದು 9 ವೋಲ್ಟೂ ಅಲ್ಲ. ಇದೇ ಲೆಕ್ಕವನ್ನು 15 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ನೀವೇ ಮಾಡಿ ನೋಡಿ; 180 ವೋಲ್ಟಿನ ಸಂಜೆಯಲ್ಲೂ 12 ವೋಲ್ಟ್ ದೊರೆಯುತ್ತದೆ. ಆದ್ದರಿಂದ 15 ವೋಲ್ಟ್, 2 ಆಂಪಿಯರಿನದನ್ನೇ ಕೊಳ್ಳಿ.

ಎರಡನೆಯದು ನಾಲ್ಕು ಡಯೋಡುಗಳ ಸೇತುವೆ. 1 ಎನ್ 5408 ಎಂಬ ಡಯೋಡುಗಳು ಮೂರು ಆಂಪಿಯರ್ ತಾಳುತ್ತವೆ. ಅವುಗಳ ಮುಂದೆ 4,700 ಮೈಕ್ರೊಫ್ಯಾರಡ್ ಕೆಪಾಸಿಟರ್. ಇದು ಹನಿ ಹನಿಯಾಗಿ ಬರುವ ನೀರನ್ನು ತುಂಬಿಕೊಂಡು ನಲ್ಲಿಯಲ್ಲಿ ಒಂದೇ ಸಮನೆ ಬಿಡುವ ತೊಟ್ಟಿಯಂತೆ. 35 ವೋಲ್ಟಿನದೇ ಇರಲಿ. ಅಂಗಡಿಯವರು 25 ವೋಲ್ಟಿನದನ್ನು ಕೊಟ್ಟು 'ಇದೂ ನಡೆಯುತ್ತದೆ' ಎನ್ನಬಹುದು. ಮನೆಯ ಕರೆಂಟು 260ಕ್ಕೆ ಏರಿದ ದಿನ ಅದರ ಮೇಲೆ 22 ವೋಲ್ಟಿಗೂ ಮೀರಿ ಬೀಳುತ್ತದೆ, ರೈಲು ನಿಂತಿದ್ದರೆ ಇನ್ನೂ ಹೆಚ್ಚು. ಕೆಪಾಸಿಟರಿನ ಮೈಮೇಲೆ ಋಣದ ಗುರುತಿರುವ ಕಾಲನ್ನು ಋಣಕ್ಕೇ ಜೋಡಿಸಬೇಕು. ಕಾಲೇಜಿನ ದಿನಗಳಲ್ಲಿ ನಾನು ಒಮ್ಮೆ ತಿರುವು ಮುರುವು ಮಾಡಿ, ಮೇಲೆ ಬಗ್ಗಿ ನೋಡುತ್ತಿದ್ದೆ. ಅದು ಪಟಾಕಿಯಂತೆ ಸಿಡಿದು ಮುಖದ ತುಂಬ ಹೊಗೆ, ಕಾಗದದ ಚೂರು. ಕನ್ನಡಕ ಇದ್ದುದರಿಂದ ಕಣ್ಣು ಉಳಿದವು. ಮೊದಲ ಸಲ ಸ್ವಿಚ್ಚು ಹಾಕುವಾಗ ಒಂದು ಮಾರು ದೂರ ನಿಲ್ಲಿ.

ಮೂರನೆಯದು ವೇಗ ನಿಯಂತ್ರಕ. ಎಲ್.ಎಂ. 317 ಎಂಬ ಮೂರು ಕಾಲಿನ ಐ.ಸಿ. ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಕ್ಷರಗಳು ನಿಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲು ಹೊಂದಾಣಿಕೆಗೆ, ನಡುಗಾಲು ಹೊರಹೋಗುವ ವಿದ್ಯುತ್ತಿಗೆ, ಬಲಗಾಲು ಒಳಬರುವ ವಿದ್ಯುತ್ತಿಗೆ. ಎಡಗಾಲು ನಡುಗಾಲುಗಳ ಮಧ್ಯೆ 220 ಓಂ ರೋಧಕ; ಎಡಗಾಲಿನಿಂದ ಋಣಕ್ಕೆ 2 ಕಿಲೋ ಓಂನ ತಿರುಗಿಸುವ ರೋಧಕ, ಅಂದರೆ ರೇಡಿಯೋದ ವಾಲ್ಯೂಮ್ ಗುಬ್ಬಿಯಂಥದು. 2,000ವನ್ನು 220ರಿಂದ ಭಾಗಿಸಿ, 1 ಕೂಡಿಸಿ, 1.25ರಿಂದ ಗುಣಿಸಿ: 12.6 ವೋಲ್ಟ್ ಬರುತ್ತದೆ. ಗುಬ್ಬಿಯನ್ನು ಎಷ್ಟೇ ತಿರುಗಿಸಿದರೂ ಅದಕ್ಕಿಂತ ಮೇಲೆ ಹೋಗದು. ಕಡಿಮೆ ಮಾಡಿದರೆ 1.25ಕ್ಕೆ ನಿಲ್ಲುತ್ತದೆ, ಅಷ್ಟಕ್ಕೆ ಎಂಜಿನ್ ಕದಲುವುದಿಲ್ಲ. ಕೆಟ್ಟ ಆಟಿಕೆಯಿಂದ ತೆಗೆದ 6 ವೋಲ್ಟಿನ ಮೋಟಾರನ್ನು ಬಳಸುವವರು 1 ಕಿಲೋ ಓಂ ಗುಬ್ಬಿ ಹಾಕಿ, ಅದರ ಮಿತಿ 7 ವೋಲ್ಟಿನ ಒಳಗೇ ಇರುತ್ತದೆ. ಗುಬ್ಬಿಯ ನಡುಗಾಲನ್ನು ಬಳಸದೆ ಉಳಿದ ಕಾಲಿಗೆ ಬೆಸೆಯುವುದನ್ನು ಮರೆಯಬೇಡಿ. ಇಲ್ಲವಾದರೆ ಒಳಗಿನ ಸಂಪರ್ಕ ಸಡಿಲಾದ ಕ್ಷಣ ಪೂರ್ತಿ ವೋಲ್ಟ್ ನುಗ್ಗಿ ರೈಲು ಹಳಿಯಿಂದ ಹಾರುತ್ತದೆ.

ಈ ಐ.ಸಿ. ಬಿಸಿಯಾಗುತ್ತದೆ. ಒಳಗೆ 19 ವೋಲ್ಟ್ ಬಂದು ಹೊರಗೆ 6 ಹೋಗುತ್ತಿದ್ದರೆ ನಡುವಿನ 13 ವೋಲ್ಟ್ ಅರ್ಧ ಆಂಪಿಯರಿನಲ್ಲಿ 6.5 ವಾಟ್ ಶಾಖವಾಗುತ್ತದೆ. ರೈಲು ನಿಧಾನವಾದಷ್ಟೂ ಐ.ಸಿ. ಕಾಯುತ್ತದೆ! ಅಂಗೈಯಗಲದ ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಅದನ್ನು ತಿರುಪಿನಿಂದ ಬಿಗಿಯಿರಿ. ಐ.ಸಿ.ಯ ಬೆನ್ನಿನ ಲೋಹ ನಡುಗಾಲಿಗೆ ಸೇರಿದೆ. ಆದ್ದರಿಂದ ನಡುವೆ ಅಭ್ರಕದ ತೆಳು ಹಾಳೆ ಇರಲಿ, ತಿರುಪಿಗೆ ಪ್ಲಾಸ್ಟಿಕ್ ವಾಷರ್ ಇರಲಿ.

ರೈಲು ಹಳಿ ತಪ್ಪಿದಾಗಲೆಲ್ಲ ಚಕ್ರಗಳು ಎರಡೂ ಹಳಿಗಳನ್ನು ಮುಟ್ಟಿಸಿ ಷಾರ್ಟ್ ಆಗುತ್ತದೆ. ಇದಕ್ಕೆ ಮಾದರಿ ರೈಲು ಮಾಡುವವರ ಹಳೆಯ ಉಪಾಯವೊಂದಿದೆ. ಬಸ್ ನಿಲ್ದಾಣದ ಬಳಿಯ ಆಟೋಮೊಬೈಲ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವಾಟಿನ ಬಲ್ಬು ಸಿಗುತ್ತದೆ. ಹಳಿಗೆ ಹೋಗುವ ತಂತಿಯಲ್ಲಿ ಅದನ್ನು ಸರಣಿಯಾಗಿ ಸೇರಿಸಿ. ರೈಲು ಸರಿಯಾಗಿ ಓಡುವಾಗ ಬಲ್ಬು ಉರಿಯುವುದೇ ಇಲ್ಲ, ಏಕೆಂದರೆ ತಣ್ಣಗಿರುವ ತಂತುವಿನ ರೋಧ ಬಹಳ ಕಡಿಮೆ. ಷಾರ್ಟ್ ಆದೊಡನೆ ಅದು ಪ್ರಕಾಶವಾಗಿ ಹತ್ತಿಕೊಂಡು, ಇಡೀ ಹೊರೆಯನ್ನು ತಾನೇ ಹೊತ್ತು, ನಿಮಗೂ ಸುದ್ದಿ ಕೊಡುತ್ತದೆ. ನನಗೆ ಈ ಪೆಟ್ಟಿಗೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಮುಂದಕ್ಕೆ ಹಿಂದಕ್ಕೆ ಓಡಿಸಲು ಆರು ಕಾಲಿನ, ನಡುವೆ ನಿಲ್ಲುವ ಎರಡು ದಾರಿಯ ಸ್ವಿಚ್ಚು ಸಾಕು. ಮೂಲೆಯ ಕಾಲುಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಜೋಡಿಸಿದರೆ ಧನ ಋಣಗಳು ಬದಲಾಗುತ್ತವೆ.

ಈಗ ಆ ಹುಡುಗಿಯರ ರೈಲನ್ನು ಸುರಂಗದಿಂದ ಹೊರಗೆ ತರಬೇಕು. ಯು.ಪಿ.ಎಸ್.ಗಳಲ್ಲಿ ಬಳಸುವ, ಮುಚ್ಚಿದ ಮಾದರಿಯ 12 ವೋಲ್ಟ್ 7 ಆಂಪಿಯರ್ ಗಂಟೆಯ ಬ್ಯಾಟರಿ ನಿಮಗೆ ಗೊತ್ತು. ಅದರ ಧನದಿಂದ 2 ಆಂಪಿಯರ್ ಫ್ಯೂಸು, ಒಂದು ಸ್ವಿಚ್ಚು, ಮತ್ತೊಂದು 1 ಎನ್ 5408 ಡಯೋಡು, ಇವುಗಳ ಮೂಲಕ ಕೆಪಾಸಿಟರಿನ ಧನಕ್ಕೆ; ಋಣದಿಂದ ಋಣಕ್ಕೆ. ಡಯೋಡಿನ ಪಟ್ಟೆಯಿರುವ ತುದಿ ಕೆಪಾಸಿಟರಿನ ಕಡೆಗಿರಲಿ. ಕರೆಂಟು ಇದ್ದಾಗ ಕೆಪಾಸಿಟರಿನಲ್ಲಿ ಬ್ಯಾಟರಿಗಿಂತ ಹೆಚ್ಚು ವೋಲ್ಟ್ ಇರುತ್ತದೆ. ಡಯೋಡು ಬಾಗಿಲು ಹಾಕಿಕೊಂಡಿರುತ್ತದೆ. ಕರೆಂಟು ಹೋಗಿ ಅಲ್ಲಿಯ ವೋಲ್ಟ್ ಕುಸಿದ ಕೂಡಲೇ ಬಾಗಿಲು ತಾನಾಗಿ ತೆರೆದು ಬ್ಯಾಟರಿ ಮುಂದೆ ಬರುತ್ತದೆ. ರಿಲೇ ಬೇಡ, ಯಾರೂ ಸ್ವಿಚ್ಚು ಬದಲಿಸಬೇಕಾಗಿಲ್ಲ. ಬ್ಯಾಟರಿಯ ಮೇಲೆ ಹಳಿಗೆ ಸುಮಾರು 10 ವೋಲ್ಟ್ ಸಿಗುವುದರಿಂದ ಗುಬ್ಬಿಯನ್ನು 8 ವೋಲ್ಟಿನ ಸುಮಾರಿಗೆ ಇಟ್ಟಿದ್ದರೆ ರೈಲಿನ ವೇಗದಲ್ಲಿ ವ್ಯತ್ಯಾಸವೇ ತಿಳಿಯದು. ಅರ್ಧ ಆಂಪಿಯರಿನಂತೆ ಪ್ರದರ್ಶನದ ಒಂದು ದಿನಕ್ಕೆ ಧಾರಾಳವಾಗಿ ಸಾಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬೇಡಿ. ಅದಕ್ಕೆಂದೇ ಇರುವ ಚಾರ್ಜರಿನಿಂದ ಬೇರೆಯಾಗಿ ಚಾರ್ಜು ಮಾಡಿ. ಎರಡು ಕಿಲೋಗೂ ಹೆಚ್ಚು ತೂಗುವುದರಿಂದ ಪೆಟ್ಟಿಗೆಯ ತಳದಲ್ಲಿ ಪಟ್ಟಿ ಹಾಕಿ ಬಿಗಿಯಿರಿ. ಬಸ್ಸಿನ ಕುಲುಕಾಟದಲ್ಲಿ ಅದು ಸರಿದು ಟ್ರಾನ್ಸ್‌ಫಾರ್ಮರಿಗೆ ಬಡಿಯಬಾರದು.

ಇನ್ನೊಂದು ಮಾತನ್ನು ಗದರಿಸಿಯೇ ಹೇಳುತ್ತೇನೆ. ಹಳಿಯ 12 ವೋಲ್ಟನ್ನು ಕೈಯಲ್ಲಿ ಮುಟ್ಟಿದರೆ ಏನೂ ಆಗದು. ಟ್ರಾನ್ಸ್‌ಫಾರ್ಮರಿನ ಆಚೆಯ 230 ವೋಲ್ಟ್ ಪ್ರಾಣ ತೆಗೆಯುತ್ತದೆ. ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರಿನವರೆಗಿನ ಕೆಲಸವನ್ನು ನಿಮ್ಮ ವಿಜ್ಞಾನದ ಮೇಷ್ಟ್ರು ಅಥವಾ ಊರಿನ ವೈರಿಂಗ್ ಕೆಲಸದವರ ಮುಂದೆಯೇ ಮಾಡಿ. ಮೂರು ಪಿನ್ನಿನ ಪ್ಲಗ್ಗು, ಅರ್ಧ ಆಂಪಿಯರಿನ ಫ್ಯೂಸು, ತಗಡಿನ ಪೆಟ್ಟಿಗೆಯ ಮೈಗೆ ಅರ್ಥ್ ತಂತಿ. ಗೋಡೆಯ ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ನಂಬಬೇಡಿ. ಅನೇಕ ಮನೆಗಳಲ್ಲಿ ಅದು ಬರಿಯ ತೂತು. ಬೆಸುಗೆಯ ಪ್ರತಿ ಕೀಲಿಗೂ ತೋಳು ತೊಡಿಸಿ. ಇನ್ಸುಲೇಷನ್ ಟೇಪು ಬೇಸಿಗೆಯಲ್ಲಿ ಜಾರಿಬಿಡುತ್ತದೆ, ಕಲಬುರಗಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಎಲ್ಲ ಜೋಡಣೆ ಮುಗಿದ ಮೇಲೆ ಹಳಿಗೆ ಕೊಡುವ ಮುಂಚೆ ಮಲ್ಟಿಮೀಟರಿನಲ್ಲಿ ಅಳೆಯಿರಿ. ಗುಬ್ಬಿ ತಿರುಗಿಸಿದಂತೆ 1.25ರಿಂದ 12.6ರವರೆಗೆ ಮುಳ್ಳು ನಯವಾಗಿ ಏರಬೇಕು. ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡಿನ ಪುಟ್ಟ ಕೆಪಾಸಿಟರ್ ಹಾಕಿದರೆ ಪಕ್ಕದ ರೇಡಿಯೋದಲ್ಲಿ ಗರಗರ ಸದ್ದು ಬರುವುದಿಲ್ಲ. ಹಳಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ರೈಲು ನಡುನಡುವೆ ನಿಂತರೆ ತಪ್ಪು ಬಹಳ ಸಲ ಪೆಟ್ಟಿಗೆಯದಲ್ಲ, ಧೂಳಿನದು.

ಪ್ರದರ್ಶನದ ದಿನ ತೀರ್ಪುಗಾರರು ನಿಮ್ಮ ಮೇಜಿನ ಮುಂದೆ ಬಂದಾಗ ರೈಲು ಓಡುತ್ತಿರಲಿ. ವಿವರಣೆಯನ್ನು ಆಮೇಲೆ ಕೊಡುವಿರಂತೆ. ಮೊದಲು, 'ಸರ್, ಆ ಪ್ಲಗ್ಗನ್ನು ನೀವೇ ಕೀಳಿ' ಎನ್ನಿ.